ಕೂತಲ್ಲೇ ಬೆಟ್ಟಕ್ಕೆ ಹೋಗುತ್ತಿದ್ದ ಮೇಷ್ಟ್ರು

ನಿನ್ನೆ ಸಂಜೆ ಹಂಗಳದಿಂದ ಫೋನ್ ಬಂತು. ನಮ್ಮ ಮಹಡಿ ಮನೆಯಲ್ಲಿ ಬಹಳ ವರ್ಷ ಬಾಡಿಗೆಗಿದ್ದ ಮೇಷ್ಟ್ರ ಬಾಮೈದ ಮಾತಾಡುತ್ತಿದ್ದ. "ಭಾವ ತೀರ್ಕಂಡ್ರು ಕಣಕ್ಕ. ಮೊನ್ನೆ ಮಲಗಿದ್ದೋರು ಏಳ್ನೇ ಇಲ್ಲ. ನಮ್ಮಕ್ಕನ್ ಪಕ್ಕದಲ್ಲೇ ಮಣ್ಣು ಮಾಡುದ್ವಿ. ನಿಮ್ ನಂಬರು ಈಗ ಸಿಕ್ತು, ಅದ್ಕೇ ಮಾಡ್ದೆ" ಎಂದ. ನಾನು "ಹೂಂನಪ್ಪ" ಎಂದೆ. ಅವನು "ಅವ್ರ ಸೈಕಲ್ ಮಿಷನ್ನು ಇಲ್ಲೇ ಮೂಲೇಲಿ ಬಿದ್ದದೆ. ನಿಮ್ಗೇನಾರ ಬೇಕಿತ್ತಾ?" ಎಂದು ಕೇಳಿದ. ನನಗ್ಯಾಕಪ್ಪ ಅದು ಎಂದು ಫೋನ್ ಇಟ್ಟೆ. ಇಟ್ಟ ಮೇಲೆ ಅಳು ಬಂತು. ಸಾವಿನ ಸುದ್ದಿಗೆ ಬಾರದ ಅಳು ಮಿಷನ್ನಿನ ಸುದ್ದಿಗೆ ಬಂತು.

ಅವರು ಚಾಮರಾಜನಗರದ ಒಂದು ಐಟಿಐಯಲ್ಲಿ ಫಿಟ್ಟರ್ ಪಾಠ ಹೇಳುತ್ತಿದ್ದವರು. ಹೆಸರು ಹಿಡಿದು ಅವರನ್ನು ಯಾರೂ ಕರೆದದ್ದು ನಾನು ಕೇಳಿಲ್ಲ, ಇಲ್ಲಿ ನಾನೂ ಕರೆಯುವುದಿಲ್ಲ. ಬೀದಿಗೆಲ್ಲ ಮೇಷ್ಟ್ರು. ಸೊಂಟದಿಂದ ಮೇಲೆ ನೋಡಿದರೆ ಒಣಗಿದ ನುಗ್ಗೇಕಾಯಿ, ಕೆಳಗೆ ನೋಡಿದರೆ ಗರಡಿಮನೆ ಪೈಲ್ವಾನ. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದು ಅಡ್ಡಡ್ಡಲಾಗಿ ಇಳಿಯುತ್ತಿದ್ದರು. "ಏನ್ ಮೇಷ್ಟ್ರೇ, ಏಡಿ ಥರ ಇಳೀತೀರಲ್ಲ" ಎಂದರೆ, "ನೆನ್ನೆ ಇಂಟರ್ವಲ್ ಇತ್ತು ಮೇಡಂ, ತೊಡೆ ಹಿಡ್ಕೊಂಡದೆ" ಎನ್ನುತ್ತಿದ್ದರು. ಉಸಿರು ಕಟ್ಟುವ ತನಕ ಪೆಡಲ್ ತುಳಿದು, ಒಂದಿಷ್ಟು ಸುಧಾರಿಸಿಕೊಂಡು, ಮತ್ತೆ ತುಳಿಯುವುದಕ್ಕೆ ಆ ಹೆಸರಂತೆ. ನನಗೆ ಗೊತ್ತಿದ್ದ ಇಂಟರ್ವಲ್ ಎಂದರೆ ಸಿನಿಮಾದ ಮಧ್ಯೆ ಕಡ್ಲೆಕಾಯಿ ತರಲು ಎದ್ದು ಹೋಗುವ ಹೊತ್ತು.

ನಾನೂ ಪಾಠ ಹೇಳುವವಳೇ. ಗುಂಡ್ಲುಪೇಟೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ. ದಿನಾ ಚಾಮರಾಜನಗರದಿಂದ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಅಪ್ಪ ಅರಿಶಿನದ ವ್ಯಾಪಾರದಲ್ಲಿ ಕಟ್ಟಿಸಿದ ಈ ಎರಡಂತಸ್ತಿನ ಮನೆಯ ಕೆಳಗಿನ ಭಾಗದಲ್ಲಿ ಒಬ್ಬಳೇ ಇದ್ದೇನೆ. ಮದುವೆಯಾಗಲಿಲ್ಲ. ಕೇಳಿದವರಿಗೆಲ್ಲ ಬೇರೆ ಬೇರೆ ಕಾರಣ ಹೇಳಿ, ಈಗ ಯಾವುದು ನಿಜವೆಂದು ನನಗೇ ಮರೆತುಹೋಗಿದೆ.

ಅವರು ಬಾಡಿಗೆಗೆ ಬಂದ ಹೊಸತರಲ್ಲಿ ಬೆಳಗಿನ ಜಾವಕ್ಕೇ ಮಹಡಿಯಿಂದ 'ಗೊಂಯ್' ಎಂದು ಒಂದು ಸದ್ದು ಶುರುವಾಗುತ್ತಿತ್ತು. ರೇಷ್ಮೆ ಕಂಡ ಊರಿನವರಿಗೆ ಅಂಥ ಸದ್ದಿಗೆ ಒಂದೇ ಅರ್ಥ. ಎದುರುಮನೆ ಯಜಮಾನರು ನೇರ ನಮ್ಮ ಜಗಲಿಗೇ ಬಂದರು. "ನಿಮ್ ಬಾಡ್ಗೆಯೋರು ರೀಲಿಂಗ್ ಮಿಷನ್ ಆಕ್ಬುಟ್ಟವ್ರೆ ಕಣಮ್ಮ. ಮನೆ ಕರೆಂಟಲ್ಲಿ ನೂಲು ತಗೀತಾವ್ರೆ. ನಾಳೆ ಕರೆಂಟ್ನೋರು ಬಂದ್ರೆ ನಿಮ್ ತಲೆಗೇ ಬರದು" ಎಂದರು. ಆಮೇಲೆ ಮೆಟ್ಟಿಲ ಬುಡದಲ್ಲಿ ನಿಂತು ಮೂಗೆತ್ತಿ ಮೂಸಿ ನೋಡಿದರು. "ಸದ್ದು ಅದೆ. ವಾಸ್ನೆ ಇಲ್ವಲ್ಲ." ರೇಷ್ಮೆಗೂಡು ಬೇಯಿಸುವ ಕಡೆ ಆ ನಾತ ಬೀದಿ ತುದಿಗೇ ಗೊತ್ತಾಗುತ್ತದೆ, ಅದನ್ನು ಬಚ್ಚಿಡುವುದಕ್ಕೆ ಯಾರಿಂದಲೂ ಆಗದು. ಅನುಮಾನ ಪರಿಹಾರಕ್ಕೆ ನಾನೇ ಮೇಲೆ ಹೋದೆ.

ಬಾಗಿಲು ತೆರೆದೇ ಇತ್ತು. ಕಿಟಕಿ ಪಕ್ಕ ಮಂಚ, ಮಂಚದ ಮೇಲೆ ಅವರ ಹೆಂಡತಿ. ಲಕ್ವ ಹೊಡೆದು ಬಲಗಡೆಯೆಲ್ಲ ಬಿದ್ದುಹೋಗಿತ್ತು, ಮಾತು ಮಾತ್ರ ಕೊಂಚ ತೊದಲಿದರೂ ಗಟ್ಟಿಯಾಗಿತ್ತು. ಮಂಚಕ್ಕೆ ಎದುರಾಗಿ ಒಂದು ಸೈಕಲ್. ಅದರ ಹಿಂದಿನ ಚಕ್ರ ಬಿಚ್ಚಿ, ಆ ಜಾಗವನ್ನು ನೆಲದ ಮೇಲಿನ ಒಂದು ಯಂತ್ರಕ್ಕೆ ಸಿಕ್ಕಿಸಿದ್ದರು. ಮೇಷ್ಟ್ರು ಬೆವರಿನಲ್ಲಿ ತೊಯ್ದು ಹೆಂಡತಿಯ ಕಡೆಗೇ ತುಳಿದುಕೊಂಡು ಹೋಗುತ್ತಿದ್ದರು, ಇದ್ದಲ್ಲೇ ಇದ್ದರು. ಫ್ಯಾನಿನ ಗಾಳಿ ಅವರಿಗೆ ಮಾತ್ರ ತಗಲುವಂತೆ, ಮಂಚಕ್ಕೆ ತಗಲದಂತೆ ತಿರುಗಿಸಿಟ್ಟಿತ್ತು. ನಾನು ಬಾಯಿ ತೆರೆಯುವ ಮುಂಚೆ ಆಕೆಯೇ ಹೇಳಿದಳು. "ಬಾರವ್ವ, ಕುಂತ್ಕೊ. ಅವ್ರು ಈಗ ಇಳ್ಯಕಾಗಕಿಲ್ಲ. ಇನ್ನೂ ಊರೇ ದಾಟಿಲ್ಲ."

ಮೊಬೈಲಿನಲ್ಲಿದ್ದದ್ದನ್ನು ಬರೆದು ಗೋಡೆಗೆ ಅಂಟಿಸಿದ್ದ ಕಾಗದವೇ ಅವರ ತರಬೇತಿಯ ಪ್ಲಾನು. ಯಾವುದೋ ದೇಶದ ಕೋಚೊಬ್ಬ, ಕೆಲಸಕ್ಕೆ ಹೋಗುತ್ತಾ ಹವ್ಯಾಸಕ್ಕೆ ಸೈಕಲ್ ತುಳಿಯುವವರಿಗೆಂದು ಮಾಡಿದ್ದು. ಮನೆಯೊಳಗೇ ತುಳಿಯಬೇಕು. ಅದರಲ್ಲೂ ಕಮ್ಮಿ, ಮಧ್ಯಮ, ಹೈ ವಾಲ್ಯೂಮ್ ಎಂದು ಬಗೆಗಳಿದ್ದವು. ಮೇಷ್ಟ್ರು ಹಿಡಿದದ್ದು ಹೈ ವಾಲ್ಯೂಮ್, ಎಲ್ಲಕ್ಕಿಂತ ಹೆಚ್ಚು ಹೊತ್ತು ತುಳಿಯುವ ಬಗೆ. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ, ಸಂಜೆ ಬಂದ ಮೇಲೆ, ಭಾನುವಾರ ಅರ್ಧ ದಿನ. ಆ ಪ್ಲಾನಿಗೆ ಒಂದು ರೇಸಿನ ತಾರೀಖು ಕೊಡಬೇಕಂತೆ, ಇಲ್ಲದಿದ್ದರೆ ಅದು ಮುಂದಕ್ಕೇ ಹೋಗುವುದಿಲ್ಲವಂತೆ. ಮೇಷ್ಟ್ರು ಬಾಯಿಗೆ ಬಂದ ತಾರೀಖು ಕೊಟ್ಟಿದ್ದರು. ಆ ದಿನ ಬಂದಾಗ ಮೊಬೈಲು ಶುಭ ಹಾರೈಸಿತು. ಇವರು ಎಂದಿನಂತೆ ಹೆಂಡತಿಯ ಎದುರು ತುಳಿದು, ಸಂಜೆ ಇನ್ನೊಂದು ತಾರೀಖು ಕೊಟ್ಟರು. "ಆಲಿಲ್ಲ ಚೂಲಿಲ್ಲ, ಮಗನ ಹೆಸರು ಸೋಮಲಿಂಗ" ಎಂದು ನಾನು ನಕ್ಕರೆ, "ರೂಲ್ಸ್ ಅಂದ್ರೆ ರೂಲ್ಸು ಮೇಡಂ. ತಾರೀಕು ಕೇಳ್ತದೆ, ಕೊಟ್ಟೆ" ಎಂದರು. ರೂಲ್ಸು ಎನ್ನುವಾಗ ಅವರ ಬಲಗೈ ಅರ ಹಿಡಿದು ಕಬ್ಬಿಣ ಉಜ್ಜುವವರಂತೆ ಮುಂದಕ್ಕೆ ಹೋಗಿ ಬರುತ್ತಿತ್ತು. ಫಿಟ್ಟರ್ ಪಾಠದ ಅಭ್ಯಾಸ.

ಒಂದು ಸಂಜೆ ನಾನು ಶಾಲೆಯಿಂದ ಬಂದು ಚಪ್ಪಲಿ ಬಿಡುತ್ತಿದ್ದೆ. ಮೇಷ್ಟ್ರು ಮೆಟ್ಟಿಲ ಮೇಲೆ ನಿಂತು, "ಮೇಡಂ, ಇವತ್ತು ರಸ್ತೇಲಿ ಏನಿತ್ತು?" ಎಂದರು.

"ಏನಿರುತ್ತೆ ಮೇಷ್ಟ್ರೇ, ರಸ್ತೆ ಇತ್ತು."

ಅವರು ನಗಲಿಲ್ಲ. ಒಂದು ಮೆಟ್ಟಿಲು ಕೆಳಗಿಳಿದು ದನಿ ತಗ್ಗಿಸಿದರು. ಅವರ ಹೆಂಡತಿ ಹಂಗಳದವಳು, ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಬುಡದ ಊರು. ಗುಂಡ್ಲುಪೇಟೆ ರಸ್ತೆ ಎಂದರೆ ಅವಳಿಗೆ ತವರಿನ ದಾರಿ. ಇವರು ಪೆಡಲ್ ತುಳಿಯುವಾಗ ಅವಳು ಈಗ ಎಲ್ಲಿ, ಈಗ ಎಲ್ಲಿ ಎಂದು ಕೇಳುತ್ತಾಳೆ. ಇವರು ತೆರಕಣಾಂಬಿ ಬಂತು, ಗುಂಡ್ಲುಪೇಟೆ ಬಂತು ಎಂದು ಹೇಳುತ್ತಾ ಹೋಗುತ್ತಾರೆ. ಮೊನ್ನೆ ರಸ್ತೆ ಬದಿಯ ಹುಣಸೆಮರದ ನೆರಳಲ್ಲಿ ನೀರು ಕುಡಿದೆ ಎಂದಿದ್ದರಂತೆ. ಆ ಮರಗಳನ್ನು ರಸ್ತೆ ಅಗಲ ಮಾಡಲು ಕಡಿದು ಎಷ್ಟೋ ಕಾಲವಾಗಿತ್ತು. ಅದು ಅವಳಿಗೆ ತಮ್ಮನಿಂದ ಗೊತ್ತಿತ್ತು. ಅವಳು ಮುಖವನ್ನು ಗೋಡೆಗೆ ತಿರುಗಿಸಿಕೊಂಡಳು. "ಅವತ್ತೆಲ್ಲ ಎಲ್ಲಿಗ್ ಬಂದ್ರಿ ಅಂತ ಕೇಳ್ನೇ ಇಲ್ಲ ಮೇಡಂ. ನಾನ್ ನೋಡಿರೋದು ಹಳೇ ರಸ್ತೆ. ಕೆಲ್ಸದ ಹೊತ್ಗೆ ಒಬ್ಬಮ್ಮ ಬಂದು ನೋಡ್ಕತಾರೆ, ಮಿಕ್ಕಂಗೆ ಅವ್ಳ ಬುಟ್ಟು ನಾನು ಆಚೆ ಓಗಂಗಿಲ್ಲ. ನೀವು ದಿನಾ ಓಯ್ತೀರಿ."

ಅಲ್ಲಿಯವರೆಗೆ ನಾನು ಬಸ್ ಹತ್ತಿದರೆ ಬಾಯಿ ತೆರೆದುಕೊಂಡು ನಿದ್ದೆ ಮಾಡುತ್ತಿದ್ದವಳು. ಮಕ್ಕಳಿಗೆ ಭೂಪಟ ತೋರಿಸಿ ಪಾಠ ಮಾಡುತ್ತಿದ್ದೆ, ಕಿಟಕಿಯಾಚೆ ನೋಡಿದವಳಲ್ಲ. ಮಾರನೇ ದಿನದಿಂದ ಕಿಟಕಿ ಸೀಟು ಹಿಡಿದೆ. ಅರಿಶಿನ ಬೇಯಿಸುವ ಕೊಪ್ಪರಿಗೆಗಳ ಹೊಗೆ ರಸ್ತೆಗೇ ಬಂದು ಬಸ್ಸಿನೊಳಗೆ ನುಗ್ಗಿದ್ದು ನೋಡಿದೆ. ಸೂರ್ಯಕಾಂತಿ ಹೊಲದಲ್ಲಿ ಕೇರಳದ ಗಾಡಿಗಳು ನಿಂತು, ಮದುಮಗಳಂತೆ ಉಟ್ಟ ಹುಡುಗಿಯೊಬ್ಬಳು ಹೂವಿಗಿಂತ ಕುಳ್ಳಗಿದ್ದು ಫೋಟೋಗೆ ಇಟ್ಟಿಗೆ ಮೇಲೆ ಹತ್ತಿದ್ದು ನೋಡಿದೆ. ಚೆಂಡುಹೂ ತುಂಬಿದ ಟ್ರಾಕ್ಟರಿನಲ್ಲಿ ಹೂವಿನ ಮೇಲೇ ನಿದ್ದೆ ಹೋದ ಹೆಂಗಸರನ್ನು ನೋಡಿದೆ. ತೆರಕಣಾಂಬಿ ದಾಟಿದ ಮೇಲಿನ ಒಂದು ತಂಗುದಾಣದಲ್ಲಿ ಹಸಿರು ಟವೆಲಿನ ಅಜ್ಜನೊಬ್ಬ ದಿನಾ ಕೂತಿರುತ್ತಿದ್ದ, ಯಾವ ಬಸ್ಸಿಗೂ ಹತ್ತುತ್ತಿರಲಿಲ್ಲ.

ಇದನ್ನೆಲ್ಲ ಸಂಜೆ ಮೆಟ್ಟಿಲ ಬಳಿ ಒಪ್ಪಿಸುತ್ತಿದ್ದೆ. ಮೇಷ್ಟ್ರು ಟವೆಲಿನಿಂದ ಕತ್ತು ಒರೆಸಿಕೊಳ್ಳುತ್ತಾ ಕೇಳುತ್ತಿದ್ದರು. "ಎಡಗಡೆನೋ ಬಲಗಡೆನೋ?" ಎಂದು ಕೇಳದೆ ಬಿಡುತ್ತಿರಲಿಲ್ಲ. ಮಾರನೇ ಬೆಳಿಗ್ಗೆ ನಾನು ಹಾಸಿಗೆಯಲ್ಲಿದ್ದಾಗಲೇ ಮೇಲಿನಿಂದ ಆ ಗೊಂಯ್ ಸದ್ದಿನ ಜೊತೆ ಏದುಸಿರಿನ ದನಿ ಕೇಳುತ್ತಿತ್ತು. "ಆ ಅಜ್ಜ ಇವತ್ತೂ ಕುಂತವ್ರೆ ಕಣಮ್ಮಿ. ನಾನು ಕೈ ಎತ್ದೆ. ಅವ್ರೂ ಎತ್ತುದ್ರು." ಕೈ ಎತ್ತಿದ್ದು ಅವರದೇ ಸೇರಿಕೆ. ನಾನು ಹೊದಿಕೆಯೊಳಗೇ ನಗುತ್ತಿದ್ದೆ. ಹೇಳಿಬಿಡುತ್ತೇನೆ, ನಾನು ಕಂಡದ್ದನ್ನು ಅಷ್ಟು ಆಸೆಯಿಂದ ಕೇಳಿದವರು ನನ್ನ ಬದುಕಿನಲ್ಲಿ ಬೇರೆ ಯಾರೂ ಇಲ್ಲ.

ಪ್ಲಾನಿನಲ್ಲಿ ಕೆಲವು ವಾರಕ್ಕೊಮ್ಮೆ ವಿಶ್ರಾಂತಿ ವಾರ ಬರುತ್ತಿತ್ತು. ಆ ವಾರ ಸ್ವಲ್ಪವೇ ತುಳಿಯಬೇಕು. ಮೇಷ್ಟ್ರಿಗೆ ಕೈಕಾಲು ಎಲ್ಲಿಡಬೇಕೆಂದು ತಿಳಿಯದು. ಹೆಂಡತಿ ನಿದ್ದೆ ಹೋದಾಗ ಕೆಳಗೆ ಬಂದು ನಮ್ಮ ಜಗಲಿಯಲ್ಲಿ ಕೂತು, ನಾನು ಬೇಡವೆಂದರೂ ಬೆಳ್ಳುಳ್ಳಿ ಸುಲಿದುಕೊಡುತ್ತಿದ್ದರು. ಒಂದೊಂದು ಎಸಳನ್ನೂ ಬೆಳಕಿಗೆ ಹಿಡಿದು ನೋಡಿ ಇಡುವರು. ಬಾಳೆಹಣ್ಣು ಕೊಟ್ಟರೆ ಎರಡು ತಿಂದು ಒಂದು ಮೇಲಕ್ಕೆ ಒಯ್ಯುವರು. ನನಗೆ ಆ ವಾರಗಳು ಇಷ್ಟವಾಗಿದ್ದವು.

ಭಾನುವಾರದ ಉದ್ದ ಸವಾರಿ ಬೆಟ್ಟಕ್ಕೆ. ಒಂದು ಭಾನುವಾರ ನಾನು ರೊಟ್ಟಿ ತಟ್ಟೆ ಹಿಡಿದು ಮೇಲೆ ಹೋದಾಗ ಅವರು ಆಗಲೇ ಬಹಳ ದೂರ ಬಂದಿದ್ದರು. ಕೆಳಗೆ ಹಾಸಿದ್ದ ಹಳೇ ಬೆಡ್‌ಶೀಟು ಬೆವರಿಗೆ ಒದ್ದೆಯಾಗಿತ್ತು.

"ಎಲ್ಗ್ ಬಂದ್ರಿ?" ಎಂದಳು ಆಕೆ.

"ಹಂಗಳ ದಾಟ್ದೆ."

"ನಮ್ಮಪ್ಪನ್ ಮನೆತಾವು ನಿಲ್ನಿಲ್ವಾ?"

"ನಿಂತ್ರೆ ನಿನ್ ತಮ್ಮ ಕಾಪಿ ಕುಡ್ಸದೆ ಬುಡಕಿಲ್ಲ. ಬತ್ತಾ ನಿಲ್ತೀನಿ ಬುಡು."

ಸ್ವಲ್ಪ ಹೊತ್ತಿಗೆ "ಚೆಕ್‌ಪೋಸ್ಟ್ ಬಂತು ಕಣಮ್ಮಿ" ಎಂದು ಪೆಡಲ್ ನಿಲ್ಲಿಸಿ, ಸೈಕಲ್ಲಿನಿಂದ ಇಳಿದೇಬಿಟ್ಟರು. ನಾನು ಏನಾಯಿತು ಎಂದು ಗಾಬರಿಯಾದೆ. "ಇಲ್ಲಿಂದಾಚೆ ಸೈಕಲ್ ಬುಡಕಿಲ್ಲ ಮೇಡಂ, ಕಾಡು. ಸರ್ಕಾರಿ ಬಸ್ಸಲ್ಲೇ ಓಗ್ಬೇಕು. ರೂಲ್ಸ್ ಅಂದ್ರೆ ರೂಲ್ಸು" ಎಂದು ಮೈ ಒರೆಸಿಕೊಂಡು, ಪ್ಲಾಸ್ಟಿಕ್ ಕುರ್ಚಿಯನ್ನು ಮಂಚಕ್ಕೆ ಒತ್ತಿ ಹಾಕಿಕೊಂಡು, ಅವಳ ಎಡಗೈ ಹಿಡಿದು ಕೂತರು. ಇಬ್ಬರೂ ಒಂದೇ ಕಡೆ ಮುಖ ಮಾಡಿ, ಬಸ್ಸಿನ ಜೋಡಿ ಸೀಟಿನಲ್ಲಿ ಕೂತ ಹಾಗೆ. ಅವಳು ಕಣ್ಣು ಮುಚ್ಚಿಕೊಂಡಳು. "ಮಂಜು ಬಂತಾ?" "ಬಂತು. ಸೆರಗು ಹೊದ್ಕೊ." "ಆನೆ?" "ಎಡಗಡೆ ಕೆಳುಗ್ ನೋಡು, ಹುಲ್ಲಲ್ಲಿ ಅದೆ, ಮರಿನೂ ಅದೆ." ಆ ಕಡೆ ಮೊಬೈಲು ಬೀಪ್ ಬೀಪ್ ಎಂದು ಬಡಿದುಕೊಳ್ಳುತ್ತಿತ್ತು. ಅರ್ಧಕ್ಕೇ ನಿಲ್ಲಿಸಿದ್ದಕ್ಕೆ ಆ ಪ್ಲಾನಿನಲ್ಲಿ ಅವರ ಭಾನುವಾರಗಳೆಲ್ಲ ಕೆಂಪು ಬಣ್ಣದಲ್ಲಿ, ಅಪೂರ್ಣ ಎಂದೇ ಇದ್ದವು. ನಾನು ರೊಟ್ಟಿ ತಟ್ಟೆಯನ್ನು ಟಿವಿ ಪಕ್ಕ ಇಟ್ಟು ಕೆಳಗೆ ಬಂದೆ. ಆ ಬಸ್ಸಿನಲ್ಲಿ ಮೂರನೆಯವರಿಗೆ ಜಾಗವಿರಲಿಲ್ಲ.

ಆಕೆಗೆ ಎಲ್ಲ ಗೊತ್ತಿತ್ತು. ದಸರಾ ರಜೆಯಲ್ಲಿ, ಮೇಷ್ಟ್ರು ಇಲ್ಲದ ಒಂದು ಮಧ್ಯಾಹ್ನ ನಾನು ಅವಳ ತಲೆ ಬಾಚುತ್ತಿದ್ದೆ. "ಮೇಡಮ್ಮ, ಆ ಹೂವಿನ ಟ್ರಾಕ್ಟರ್ ಮ್ಯಾಲೆ ಮಲಗಿದ್ದೋರು ಇಬ್ರೋ, ಒಬ್ಳೋ?" ಎಂದಳು.

"ಇಬ್ರು ಅಕ್ಕ" ಎಂದು ಹೇಳಿ ನಾಲಿಗೆ ಕಚ್ಚಿಕೊಂಡೆ.

ಅವಳು ಅರ್ಧ ಬಾಯಿಯಲ್ಲೇ ನಕ್ಕಳು. "ನಂಗೊತ್ತು ಕಣವ್ವ. ನೀನು ನೋಡ್ತೀಯ, ಅವ್ರು ಏಳ್ತಾರೆ. ಏಳ್ಲಿ ಬುಡು. ಮೊದ್ಲು ಮಂಚದ್ ಪಕ್ಕ ಕುರ್ಚಿ ಆಕ್ಕಂಡು ನನ್ ಮೊಕನೇ ನೋಡ್ಕಂಡು ಕುಂತಿರೋರು. ಆಗ ನಾ ಸಾಯೋದ್ನ ಕಾಯ್ತಾ ಕುಂತವ್ರೆ ಅನ್ಸದು. ಈಗ ತುಳೀತಾರೆ. ಎಲ್ಲಿಗೋ ಓಯ್ತಾವ್ರೆ ಅನ್ಸುತ್ತೆ. ನಾನೂ ಓಯ್ತೀನಿ." ಆಮೇಲೆ "ನಾ ಓದ್ಮೇಲೆ ಅವ್ರು ಎಲ್ಲಿಗ್ ಓದಾರು ಅಂತದೇ ಯೋಚ್ನೆ" ಎಂದಳು. ನಾನು ಜಡೆ ಹಾಕಿ ಮುಗಿಸಿದೆ.

ಮುಂದಿನ ಚಳಿಗಾಲದಲ್ಲಿ ಅವಳಿಗೆ ಜ್ವರ ಬಂದು, ಎದೆಗೆ ಕಫ ಕಟ್ಟಿ, ನಾವು ನೋಡನೋಡುತ್ತಿದ್ದಂತೆ ಹೊರಟುಹೋದಳು. ಹಂಗಳದಲ್ಲಿ ತಮ್ಮನ ಹೊಲದಲ್ಲೇ ಮಣ್ಣು ಮಾಡಿದರು. ಅಲ್ಲಿಂದ ಬೆಟ್ಟ ಕಾಣುತ್ತದೆ. ನಮ್ಮ ಜನ ಸೂತಕ ಹಿಡಿಯುವವರಲ್ಲ, ಆದರೂ ವಾಪಸು ಬಂದ ಮಾರನೇ ಬೆಳಿಗ್ಗೆಯೇ ಮೇಲೆ ಆ ಗೊಂಯ್ ಸದ್ದು ಶುರುವಾದಾಗ ಬೀದಿಯವರಿಗೆ ಹೇಗೋ ಆಯಿತು. "ಎಂಡ್ತಿ ಮಣ್ಣಿನ್ನೂ ಆರಿಲ್ಲ, ಮಿಷನ್ ಆಡುಸ್ತಾವ್ರಲ್ಲ" ಎಂದರು ಎದುರುಮನೆ ಯಜಮಾನರು. ನಾನು ಹಾಸಿಗೆಯಲ್ಲೇ ಮಲಗಿ ಕೇಳಿಸಿಕೊಂಡೆ. ಸದ್ದು ಇತ್ತು, ಅದರ ಜೊತೆಗಿನ ಮಾತು ಇರಲಿಲ್ಲ. ಪ್ಲಾನು ಹೇಳಿದಂತೆ ಅವರು ಮಳೆಗಾಲದವರೆಗೂ ತುಳಿದರು. ಸಂಜೆ ನಾನು ಬೇಕೆಂದೇ ನಿಧಾನವಾಗಿ ಚಪ್ಪಲಿ ಬಿಡುತ್ತಿದ್ದೆ. ಹೇಳಲು ಏನಾದರೂ ಇದ್ದೇ ಇರುತ್ತಿತ್ತು. ಅವರು "ಬಂದ್ರಾ ಮೇಡಂ" ಎಂದು ಹೇಳಿ ಮೇಲೆ ಹೋಗುತ್ತಿದ್ದರು. ವಿಶ್ರಾಂತಿ ವಾರಗಳಲ್ಲೂ ಕೆಳಗೆ ಬರಲಿಲ್ಲ. ಬೆಳ್ಳುಳ್ಳಿಯನ್ನು ನಾನೇ ಸುಲಿದುಕೊಂಡೆ.

ಒಂದು ಭಾನುವಾರ ಬೆಳಿಗ್ಗೆ ಸದ್ದು ಕೇಳಲಿಲ್ಲ. ಹೊರಗೆ ಬಂದು ನೋಡಿದರೆ ಮೇಷ್ಟ್ರು ಸೈಕಲ್ಲಿಗೆ ಹಿಂದಿನ ಚಕ್ರ ಹಾಕಿ ಬೀದಿಗೆ ಇಳಿಸಿದ್ದರು. "ಬೆಟ್ಟಕ್ಕೆ ಓಗ್ಬತ್ತೀನಿ ಮೇಡಂ" ಎಂದರು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಓಡಿಹೋಗಿ ಬಾಳೆಹಣ್ಣು ತಂದುಕೊಟ್ಟೆ. ಅಷ್ಟು ವರ್ಷ ಮನೆಯೊಳಗೆ ತುಳಿದ ಕಾಲು, ಬೀದಿ ತಿರುವನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ದಾಟಿಬಿಟ್ಟಿತು.

ಮಧ್ಯಾಹ್ನವಾದರೂ ಬರಲಿಲ್ಲ. ಫೋನ್ ಎತ್ತಲಿಲ್ಲ. ನಾನು ಸೀರೆ ಬದಲಾಯಿಸಿ ಗುಂಡ್ಲುಪೇಟೆ ಬಸ್ ಹತ್ತಿದೆ. ಪ್ರೀತಿ ಗೀತಿ ಅನ್ನಬೇಡಿ, ಹಾಗೆಂದರೆ ನನಗೆ ಸಿಟ್ಟು ಬರುತ್ತದೆ. ಒಂದೇ ಸೂರಿನ ಕೆಳಗಿದ್ದವರು ಊಟದ ಹೊತ್ತಿಗೆ ಬಾರದಿದ್ದರೆ ಯಾರಾದರೂ ಹೋಗಿ ನೋಡಬೇಕಲ್ಲ, ಅಷ್ಟೇ. ಗುಂಡ್ಲುಪೇಟೆಯಿಂದ ಇನ್ನೊಂದು ಬಸ್ ಹಿಡಿದು ಬೆಟ್ಟದ ಬುಡಕ್ಕೆ ಹೋದೆ. ಚೆಕ್‌ಪೋಸ್ಟಿನ ಪಕ್ಕ ಒಂದು ಕಲ್ಲಿನ ಮೇಲೆ ಕೂತಿದ್ದರು. ಸೈಕಲ್ಲನ್ನು ಬೇಲಿಗೆ ಒರಗಿಸಿದ್ದರು. ಬೆಟ್ಟದ ಬಸ್ಸುಗಳು ಜನ ತುಂಬಿಕೊಂಡು ಅವರ ಎದುರಿನಿಂದಲೇ ಹೋಗುತ್ತಿದ್ದವು.

"ರಸ್ತೆ ಹೆಂಗಿತ್ತು ಮೇಷ್ಟ್ರೇ?" ಎಂದು ಪಕ್ಕದಲ್ಲಿ ನಿಂತೆ.

"ನೀವ್ ಏಳ್ದಂಗೇ ಇತ್ತು ಮೇಡಂ, ಎಲ್ಲ. ಆ ಹಸ್ರು ಟವಲ್ ಅಜ್ಜನೂ ಕುಂತಿದ್ರು. ನಾನು ಕೈ ಎತ್ದೆ. ಅವ್ರು ಇವ್ನ್ಯಾರು ಅಂತ ನೋಡುದ್ರು."

"ಇಷ್ಟು ದೂರ ಬಂದಿದ್ದೀರಿ, ಬಸ್ ಹತ್ತಿ. ನಾನೂ ಬರ್ತೀನಿ."

"ಅತ್ತಿ, ನೋಡಿ, ಏನ್ ಮಾಡ್ಲಿ? ಯಾರ್ಗೇಳ್ಲಿ?"

"ನನಗೆ ಹೇಳಿ."

ಅವರು ನನ್ನ ಮುಖವನ್ನು ಸರಿಯಾಗಿ ನೋಡಿದ್ದು ಅದೇ ಮೊದಲಿರಬೇಕು. ಆ ನೋಟದಲ್ಲಿ ಒರಟುತನ ಒಂದಿಷ್ಟೂ ಇರಲಿಲ್ಲ. "ನೀವೂ ಜತೇಲೇ ನೋಡೋರು ಮೇಡಂ. ನೋಡೋರ್ಗೆ ಏನಂತ ಏಳದು?" ಎಂದರು.

ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಇಬ್ಬರೂ ವಾಪಸು ಬಂದೆವು. ಕಿಟಕಿ ಸೀಟನ್ನು ನನಗೇ ಬಿಟ್ಟುಕೊಟ್ಟರು. ತೆರಕಣಾಂಬಿ ಬಳಿ ರಸ್ತೆಗೆ ಅಡ್ಡ ಬಂದ ಕುರಿಹಿಂಡಿನಲ್ಲಿ ಕುರಿ ಕಾಯುವವನು ಮರಿಯೊಂದನ್ನು ಮಗುಚಿ ಹಿಡಿದ ಕೊಡೆಯೊಳಗೆ ಹಾಕಿ ಹೊತ್ತಿದ್ದ. ನಾನು ಅದನ್ನು ಅವರಿಗೆ ತೋರಿಸಲಿಲ್ಲ. ಅವರು ಕಣ್ಣು ಮುಚ್ಚಿದ್ದರು. ಅದಾದ ಕೆಲವು ತಿಂಗಳಿಗೆ ನಿವೃತ್ತರಾಗಿ, ಬಾಮೈದನ ಮನೆಯಲ್ಲೇ ಇರುತ್ತೇನೆಂದು ಸಾಮಾನು ಕಟ್ಟಿದರು. ಗೋಡೆಗೆ ಅಂಟಿಸಿದ್ದ ಪ್ಲಾನನ್ನು ಕಿತ್ತು, ಅಂಟಿನ ಗುರುತನ್ನು ಒದ್ದೆ ಬಟ್ಟೆಯಿಂದ ಒರೆಸಿ, ಬೀಗದ ಕೈ ನನಗೆ ಕೊಟ್ಟು ಹೋದರು. ಮೇಲಿನ ಮನೆಯನ್ನು ಆಮೇಲೆ ನಾನು ಯಾರಿಗೂ ಕೊಡಲಿಲ್ಲ.

ಅವರು ಹೋದ ಮೇಲೆ ಬಸ್ಸಿನಲ್ಲಿ ಮೊದಲಿನಂತೆ ನಿದ್ದೆ ಮಾಡೋಣವೆಂದು ಎಷ್ಟೋ ಸಲ ಕಣ್ಣು ಮುಚ್ಚಿದ್ದೇನೆ. ನಿದ್ದೆ ಬರುವುದಿಲ್ಲ. ಕಣ್ಣಿಗೆ ಅಭ್ಯಾಸವಾಗಿಹೋಗಿದೆ. ಇವತ್ತು ಶಾಲೆಯಿಂದ ಬರುವಾಗಲೂ ಕಿಟಕಿಯಲ್ಲೇ ಕೂತಿದ್ದೆ. ಸಣ್ಣ ಈರುಳ್ಳಿಯ ರಾಶಿಗೆ ನೀಲಿ ಟಾರ್ಪಾಲು ಹೊದಿಸಿದ್ದರು, ಅದರ ಮೇಲೆ ನಾಯಿಯೊಂದು ಯಜಮಾನನಂತೆ ಮಲಗಿತ್ತು. ಹಸಿರು ಟವೆಲಿನ ಅಜ್ಜ ತಂಗುದಾಣದಲ್ಲಿದ್ದ. ನಾನು ಕಿಟಕಿಯಿಂದ ಕೈ ಎತ್ತಿದೆ. ಅವನು ಎತ್ತಲಿಲ್ಲ.

ಮನೆಗೆ ಬಂದು ಚಪ್ಪಲಿ ಬಿಟ್ಟು, ಮಹಡಿಯ ಮೆಟ್ಟಿಲ ಮೇಲೆ ಕೂತೆ. ಬೀದಿಯಲ್ಲಿ ಯಾರೂ ಇಲ್ಲವೆಂದು ನೋಡಿಕೊಂಡು, ಮೆಲ್ಲಗೆ ಬಾಯಿ ಬಿಟ್ಟೇ ಹೇಳಿದೆ. ಊರು ದಾಟಿದ್ದು, ತಂಗುದಾಣದ ಅಜ್ಜ, ಈರುಳ್ಳಿ ರಾಶಿಯ ನಾಯಿ, ಎಡಗಡೆ ಏನು, ಬಲಗಡೆ ಏನು, ಗುಂಡ್ಲುಪೇಟೆ, ಅಲ್ಲಿಂದ ಹಂಗಳ, ಅವಳಪ್ಪನ ಮನೆ, ಹೊಲದಲ್ಲಿ ಈಗ ಅಕ್ಕಪಕ್ಕವಾಗಿರುವ ಮಣ್ಣಿನ ದಿಬ್ಬಗಳು. ಚೆಕ್‌ಪೋಸ್ಟ್ ಬಂತು ಎಂದು ಹೇಳಿ ಅಲ್ಲಿಗೆ ನಿಲ್ಲಿಸಿದೆ. ಅಲ್ಲಿಂದ ಮೇಲಿನದನ್ನು ನಾನು ಈವರೆಗೂ ನೋಡಿಲ್ಲ. ಅಲ್ಲಿಂದ ಅವರಿಬ್ಬರೇ ಬಸ್ಸಿನಲ್ಲಿ ಹೋಗಬೇಕು.